ಸಹಿ ಯಾರದು?

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕುಳಿತು ನಾನು ಹೆಚ್ಚು ನೋಡಿದ್ದು ಜನರ ಮುಖವನ್ನಲ್ಲ, ಸಹಿಯನ್ನು. 2017ರಲ್ಲಿ ನಿವೃತ್ತನಾಗಿ, ಧಾರವಾಡದ ಮನೆಗೆ ಬೀಗ ಹಾಕಿ ಮಗನ ಜೊತೆ ಪುಣೆಗೆ ಬಂದೆ. ಕೋಥ್ರೂಡಿನಲ್ಲಿ ವಾಕಿಂಗ್, ಪೇಪರು ಮುಗಿದರೆ ಹನ್ನೊಂದಕ್ಕೇ ದಿನ ಖಾಲಿ. ಸೊಸೆಯೇ ಒಂದು ಕೇಂದ್ರದ ವಿಳಾಸ ಕೊಟ್ಟಳು. ತೀವ್ರ ಅಂಗವೈಕಲ್ಯ ಇರುವವರು ಅಲ್ಲಿ ಶನಿವಾರ ಚಿತ್ರ ಬರೀತಾರೆ, ಸಹಾಯಕ್ಕೆ ಜನ ಬೇಕು ಅಂದಳು. ಲೆಕ್ಕ ಬರೆಯೋ ಕೆಲಸ ಇರಬಹುದು ಅಂದುಕೊಂಡು ಹೋದೆ. ಕೈಗೆ ಕುಂಚ ಕೊಟ್ಟರು!

ನನ್ನ ಪಾಲಿಗೆ ಬಂದವನು ಇಪ್ಪತ್ತಾರರ ಹುಡುಗ. ಸೆರೆಬ್ರಲ್ ಪಾಲ್ಸಿ. ಕೈಕಾಲು ಅವನ ಮಾತು ಕೇಳುವುದಿಲ್ಲ, ನಾಲಿಗೆಯೂ ಅಷ್ಟೆ. ತಿಳಿವಳಿಕೆಗೆ ಮಾತ್ರ ಏನೂ ಆಗಿಲ್ಲ. ಹೌದು ಅನ್ನಲು ಕಣ್ಣು ಮೇಲೆತ್ತುತ್ತಾನೆ, ಬೇಡ ಅನ್ನಲು ಮುಚ್ಚುತ್ತಾನೆ. ತಾಯಿ ಅಕ್ಕಲಕೋಟ ಕಡೆಯವರು, ಮನೆಮಾತು ಕನ್ನಡ. ಅದಕ್ಕೇ ನನ್ನನ್ನು ಅಲ್ಲಿ ಕೂರಿಸಿದ್ದು.

ಅಲ್ಲಿಯ ವಿಧಾನ ಅಮೆರಿಕದ ಚಿತ್ರಕಾರ ಟಿಮ್ ಲೆಫೆನ್ಸ್ ರೂಢಿಸಿದ್ದು. ತಲೆಗೆ ಕಟ್ಟಿದ ಪಟ್ಟಿಯಲ್ಲಿ ಲೇಸರ್ ದೀಪ. ತಲೆ ತಿರುಗಿಸಿದಂತೆ ಕ್ಯಾನ್ವಾಸಿನ ಮೇಲೆ ಕೆಂಪು ಚುಕ್ಕೆ ಓಡುತ್ತದೆ. ಅದು ನಿಂತಲ್ಲಿ, ಅವನು ಆರಿಸಿದ ಬಣ್ಣವನ್ನು ಅವನು ಆರಿಸಿದ ಕುಂಚದಿಂದ ನಾವು ಹಚ್ಚಬೇಕು. ನಮ್ಮ ಅಭಿಪ್ರಾಯ ಸೇರಿಸಬಾರದು. ಒಂದು ಬಣ್ಣ ನಿರ್ಧಾರವಾಗಲು ಹತ್ತು ನಿಮಿಷ ಹಿಡಿದದ್ದೂ ಉಂಟು. ಕ್ಯಾಶ್ ಕೌಂಟರಿನಲ್ಲಿ ಬೆಳೆದ ನನಗೆ ಆ ಹತ್ತು ನಿಮಿಷ ಕಷ್ಟವಾಗುತ್ತಿತ್ತು.

ಮೂರನೇ ಶನಿವಾರ. ಕ್ಯಾನ್ವಾಸ್ ತುಂಬ ಹಳದಿ ಹಚ್ಚಿಸಿದ್ದ, ನಮ್ಮೂರ ಹೂಬಿಟ್ಟ ಕುಸುಬಿ ಹೊಲದ ಹಾಗೆ. ಆಮೇಲೆ ಚುಕ್ಕೆ ಹೋಗಿ ಕಪ್ಪು ಬಣ್ಣದ ಮೇಲೆ ನಿಂತಿತು. ಎಲ್ಲಕ್ಕಿಂತ ಅಗಲದ ಕುಂಚ. ಜಾಗ, ನಟ್ಟನಡುವೆ. ಎರಡು ಸಲ ಕೇಳಿದೆ. "ಮತ್ತ ಮತ್ತ ಯಾಕ ಕೇಳ್ತೀರಿ ಕಾಕಾ, ಹೇಳ್ಯಾನಲ್ಲ," ಅಂದರು ತಾಯಿ. ಇಷ್ಟು ಚಂದದ್ದು ಕೆಡುತ್ತದಲ್ಲ ಅನ್ನಿಸಿ, ಸಣ್ಣ ಕುಂಚದಲ್ಲಿ ಅಂಚಿಗೊಂದು ಗೆರೆ ಎಳೆದೆ.

ಚುಕ್ಕೆ ಕ್ಯಾನ್ವಾಸ್ ಬಿಟ್ಟು ನನ್ನ ಮಣಿಕಟ್ಟಿನ ಮೇಲೆ ಬಂದು ನಿಂತಿತು. ಕೈ ಸರಿಸಿದೆ. ಅದೂ ಹಿಂದೆಯೇ ಬಂತು.

ಆಗ ನೆನಪಾದವನು ಹಳ್ಳಿ ಶಾಖೆಯ ಒಬ್ಬ ಗ್ರಾಹಕ. ಯಂತ್ರಕ್ಕೆ ಸಿಕ್ಕು ಎರಡೂ ಕೈ ಹೋಗಿದ್ದವು. ತನ್ನದೇ ಹಣ ತೆಗೆಯಲು ಬಂದಿದ್ದ, ಕಾಲಿನ ಹೆಬ್ಬೆಟ್ಟು ಒತ್ತುತ್ತೇನೆ ಅಂದ. ಆಗೋದಿಲ್ಲ, ಮಗನ ಹೆಸರು ಸೇರಿಸು ಅಂತ ನಾನೇ ಕಳಿಸಿಬಿಟ್ಟೆ. ಇಬ್ಬರು ಸಾಕ್ಷಿಗಳಿದ್ದರೆ ಕಾಲ್ಬೆರಳ ಗುರುತು ನಡೆಯುತ್ತದೆ ಅನ್ನುವ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ನಾನು ಓದಿದ್ದು ಆಮೇಲೆ. ಅವನ ಪರವಾಗಿ ಬೇರೆಯವರೂ ಗುರುತು ಹಾಕಬಹುದು, ಆದರೆ ಆ ಗುರುತಿಗೂ ಅವನಿಗೂ ದೈಹಿಕ ಸ್ಪರ್ಶ ಇರಬೇಕು ಅಂತ 1950ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಅದರಲ್ಲಿ ಹೇಳಿತ್ತು. ಇಲ್ಲಿ ಸ್ಪರ್ಶ ಎಲ್ಲಿಂದ ಬರಬೇಕು, ಇದ್ದದ್ದು ಬೆಳಕು. ಅಗಲದ ಕುಂಚ ತೆಗೆದುಕೊಂಡು ಅವನು ಹೇಳಿದಲ್ಲಿ ಕಪ್ಪು ಹಚ್ಚಿದೆ. ಅವನು ಸಾಕು ಅನ್ನುವವರೆಗೂ ಹಚ್ಚಿದೆ. ಕುಸುಬಿ ಹೊಲ ಉಳಿಯಲಿಲ್ಲ. ಈಗಲೂ ಆ ಚಿತ್ರ ನನಗೆ ಪೂರ್ತಿ ಹಿಡಿಸಿಲ್ಲ.

ಪ್ರದರ್ಶನಕ್ಕೆ ಚೀಟಿ ಬರೆಯುವಾಗ ಯಾರೋ ಅವನ ಹೆಸರಿನ ಕೆಳಗೆ ನನ್ನದನ್ನೂ ಸೇರಿಸಿದ್ದರು. ತೋರಿಸಿದೆ. ಕಣ್ಣು ಮುಚ್ಚಿದ. ನನ್ನ ಹೆಸರು ಹೊಡೆದುಹಾಕಿ, ಬ್ಯಾಂಕಿನ ರೂಢಿಯಂತೆ ತಿದ್ದುಪಡಿಯ ಪಕ್ಕ ಇನಿಶಿಯಲ್ ಹಾಕಿದೆ. ಅದಕ್ಕೂ ಕಣ್ಣು ಮುಚ್ಚಿದ. ಹೊಸ ಚೀಟಿ ಬರೆಸಬೇಕಾಯಿತು.