ಅಕ್ಕನ ಲ್ಯಾಪ್‌ಟಾಪು ಕೇಳಿದ ಮೂರು ಪ್ರಶ್ನೆ

ಮುಕ್ಕುಂದ

ಅಕ್ಕಾ,

ನಿನ್ನ ಲ್ಯಾಪ್‌ಟಾಪ್ ತೆರೆಯಿತು, ಅಪ್ಪನ ಪದಗಳು ಒಂದೂ ಹೋಗಿಲ್ಲ. ನಿನಗೆ ರಾತ್ರಿ ಡ್ಯೂಟಿ ಇತ್ತೆಂದು ಫೋನಿನಲ್ಲಿ ಇಷ್ಟೇ ಹೇಳಿ ಇಟ್ಟೆ. ಉಳಿದದ್ದನ್ನು ಬರೆದೇ ಹೇಳಬೇಕು, ಯಾಕಂದರೆ ಅದರಲ್ಲಿ ನಿನ್ನನ್ನು ಬೈಯುವುದೂ ಸ್ವಲ್ಪ ಇದೆ.

ಮದುವೆಯಾಗಿ ಬೆಂಗಳೂರಿಗೆ ಹೋಗುವಾಗ ಲ್ಯಾಪ್‌ಟಾಪನ್ನು ನಮಗೆ ಬಿಟ್ಟೆ, ಅದರ ಯಜಮಾನಿಕೆಯನ್ನು ಮಾತ್ರ ಕಟ್ಟಿಕೊಂಡು ಹೋದೆ. ಅಡ್ಮಿನಿಸ್ಟ್ರೇಟರ್ ನೀನು, ನಾನು ಬರೀ ಸ್ಟ್ಯಾಂಡರ್ಡ್ ಯೂಸರ್. ಭತ್ತದ ಲೆಕ್ಕ ಬರೆಯಲು, ಪಹಣಿ ನೋಡಲು ಅಷ್ಟು ಸಾಕಿತ್ತು. ಹೊಸ ಪ್ರಿಂಟರ್ ತಂದು ಹಚ್ಚಿದಾಗ ನಿನ್ನ ಹೆಸರು ತೋರಿಸಿ ಪಾಸ್‌ವರ್ಡ್ ಕೇಳಿತು. ನೀನೋ, "ನೆನಪಿಲ್ಲೋ ತಮ್ಮಾ, ನೀನ ಏನರ ಮಾಡ್ಕೋ" ಅಂದೆ. ಪ್ರಿಂಟರ್ ಮನೆ ಹಾಳಾಗಲಿ, ಅಪ್ಪ ಮುದಗಲ್ಲಿನ ಮೊಹರಂಗೆ ವರ್ಷಾ ಹೋಗಿ ಕೂಡಿಸಿ ತಂದ ರಿವಾಯತ್ ಪದಗಳೆಲ್ಲ ಇದ್ದದ್ದು ನಿನ್ನ ಖಾತೆಯೊಳಗೆ. ಅವನು ಹಾಡುವುದು, ನೀನು ನುಡಿ ತಂತ್ರಾಂಶದಲ್ಲಿ ಕುಟ್ಟುವುದು. ಕೈಬರಹದ ವಹಿಗೆ ಗೆದ್ದಲು ಹತ್ತಿದ್ದು ನಿನಗೂ ಗೊತ್ತು.

ಸಿಂಧನೂರಿಗೆ ಒಯ್ದು ಒಂದು ಅಂಗಡಿಯಲ್ಲಿ ಇಟ್ಟೆ. ನೋಡಿಯೂ ನೋಡದೆ "ಫಾರ್ಮ್ಯಾಟ್ ಹೊಡೀಬೇಕ್ರಿ" ಅಂದ. ಒಳಗಿರುವುದು? "ಹೋಗ್ತದ." ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಬಿಡಿಸಿದ್ದು ದೊಡ್ಡಪ್ಪನ ಮೊಮ್ಮಗ, ಡಿಪ್ಲೊಮಾ ಓದುತ್ತಾನಲ್ಲ, ಅವನು. ಮೊದಲು ನೋಡಿದ್ದು ಖಾತೆ ಯಾವ ಜಾತಿಯದು ಅಂತ. ಇಮೇಲ್ ಕೊಟ್ಟು ಮಾಡಿದ ಮೈಕ್ರೋಸಾಫ್ಟ್ ಖಾತೆ ಆಗಿದ್ದರೆ ಕೆಲಸ ಫೋನಿನಲ್ಲೇ ಮುಗಿಯುತ್ತಿತ್ತು: ಅವರ ಸೈಟಿಗೆ ಹೋಗಿ ಮರೆತಿದ್ದೇನೆ ಅಂದರೆ ನಿನ್ನ ಮೊಬೈಲಿಗೆ ಕೋಡ್ ಬರುತ್ತದೆ. ನಿನ್ನದು ಹೆಸರೊಂದೇ ಇರುವ ಲೋಕಲ್ ಖಾತೆ. ಅದರ ಪಾಸ್‌ವರ್ಡಿನ ಗುರುತು ಇರುವುದು ಆ ಯಂತ್ರದ ಹೊಟ್ಟೆಯಲ್ಲಿ ಮಾತ್ರ. ಅದೂ ಪಾಸ್‌ವರ್ಡ್ ಅಲ್ಲ, ಅದನ್ನು ಅರೆದು ತೆಗೆದ ಒಂದು ಸಂಖ್ಯೆ. ತಿರುಗಿಸಿ ಓದಲು ಬರುವುದಿಲ್ಲ. "ಪೆನ್‌ಡ್ರೈವ್‌ಲೆ ಬೂಟ್ ಮಾಡಿ ಒಳಗ ಹೋಗೋ ದಾರಿ ಅದಾವು ಕಾಕಾ, ಅದು ಕಡೀಗಿ ಇರ್ಲಿ" ಅಂದ. ಹೊರಗಿನಿಂದ ಪಾಸ್‌ವರ್ಡ್ ಅಳಿಸಿದರೆ, ವಿಂಡೋಸಿನಲ್ಲೇ ಎನ್‌ಕ್ರಿಪ್ಟ್ ಮಾಡಿಟ್ಟ ಫೈಲುಗಳಿದ್ದರೆ ಅವು ಮತ್ತೆ ತೆರೆಯುವುದಿಲ್ಲವಂತೆ.

ಹಾಗಾಗಿ ಬೇಕಂತಲೇ ಒಂದು ತಪ್ಪು ಪಾಸ್‌ವರ್ಡ್ ಕೊಟ್ಟ. ಕೆಳಗೆ ಸಣ್ಣಕ್ಷರದಲ್ಲಿ ರೀಸೆಟ್ ಪಾಸ್‌ವರ್ಡ್ ಅಂತ ಬಂತು. ಅಂಗಡಿಯವನು ಇಷ್ಟು ಮಾಡಿ ನೋಡಬಹುದಿತ್ತು. ವಿಂಡೋಸ್ 10ರಲ್ಲಿ ಲೋಕಲ್ ಖಾತೆ ಮಾಡುವವರಿಂದ 2018ರಿಂದೀಚೆಗೆ ಮೂರು ಪ್ರಶ್ನೆಗೆ ಉತ್ತರ ಬರೆಸಿಕೊಳ್ಳುತ್ತಾರೆ. ನೀನು ಆರಿಸಿದ್ದು ಇವು: ಮೊದಲು ಸಾಕಿದ ಪ್ರಾಣಿಯ ಹೆಸರು, ತಂದೆತಾಯಿ ಭೇಟಿಯಾದ ಊರು, ಚಿಕ್ಕವಳಿದ್ದಾಗ ಕರೆಯುತ್ತಿದ್ದ ಹೆಸರು. ಮೂರೂ ಸರಿ ಬಂದರಷ್ಟೇ ಬಾಗಿಲು.

ಎರಡನೆಯದನ್ನು ಓದಿ ಹೇಳಿದಾಗ ಹೊರಸಿನ ಮೇಲಿದ್ದ ಅಪ್ಪ ಎದ್ದು ಕೂತ. "ನಾವು ಎಲ್ಲಿ ಭೆಟ್ಟಿ ಆಗಿದ್ವಿ? ಆಕಿ ನಮ್ಮತ್ತಿ ಮಗಳು. ತೊಟ್ಟಲದಾಗ ಇದ್ದಾಗ ನೋಡೀನಿ." ಅವ್ವ ಅಡುಗೆಮನೆಯಿಂದಲೇ, ತೊಟ್ಟಿಲು ಇದ್ದದ್ದು ಮಸ್ಕಿಯಲ್ಲಿ, ಅದನ್ನೇ ಬರೀರಿ ಅಂದಳು. ಯಾರು ಏನು ಅಂತ ಗುರುತು ಹೇಳುವುದು ಮಸ್ಕಿಗೆ ಹೊಸದಲ್ಲ ಬಿಡು. ದೇಶದ ತುಂಬ ಬಂಡೆಗಳ ಮೇಲೆ ಬರೀ ದೇವಾನಾಂಪ್ರಿಯ ಅಂತ ಇದ್ದ ದೊರೆ ಅಶೋಕನೇ ಅನ್ನುವುದು ಗಟ್ಟಿಯಾದದ್ದು ಅಲ್ಲಿನ ಬಂಡೆಯ ಮೇಲೆ ಅವನ ಹೆಸರೇ ಸಿಕ್ಕಾಗ, 1915ರಲ್ಲಿ. ಇರಲಿ, ನಾನು ಎಲ್ಲಿಗೋ ಹೋದೆ.

ಮೊದಲ ಪ್ರಶ್ನೆಗೆ ನಾಯಿ ಬೆಕ್ಕು ಯೋಚಿಸಬೇಕಾಗಲಿಲ್ಲ. ನೀನು ಶಾಲೆಯಿಂದ ಬಂದವಳೇ ಕಣಿಕೆ ತಿನ್ನಿಸುತ್ತಿದ್ದ ಕರು, ಗೌರಿ. ತಡ ಆಗಿದ್ದು ಇಂಗ್ಲಿಷಿನಲ್ಲಿ. ಜಿ ಆದ ಮೇಲೆ ಎ-ಯು ಹಾಕಿದ್ದಿಯೋ, ಒ-ಯುನೋ, ಒ-ಡಬ್ಲ್ಯುನೋ? ಹುಡುಗ ಒಂದೊಂದಾಗಿ ಬಡಿಯುತ್ತ ಹೋದ. ಅಪ್ಪನಿಗೆ ತಾಳ್ಮೆ ಕೆಟ್ಟಿತು. ಭೂಮಿ ಯೋಜನೆ ಬಂದ ಹೊಸದರಲ್ಲಿ ತಾಲೂಕು ಕಚೇರಿಯವರು ಬೆರಳು ಒತ್ತಿ ಕಂಪ್ಯೂಟರ್ ತೆರೆಯುತ್ತಿದ್ದರಲ್ಲ, ಇದಕ್ಕೂ ಹಾಗೆ ಮಾಡಿಸಬಾರದಿತ್ತೇ ಅಂದ. ಅವನು ಹೇಳಿದ್ದು ಖರೆ. ಪಹಣಿ ತಿದ್ದಿದವನು ನಾಳೆ "ನಾನಲ್ಲ, ಯಾರೋ ನನ್ನ ಪಾಸ್‌ವರ್ಡ್ ಹಾಕ್ಯಾರ" ಅನ್ನಬಾರದೆಂದು ಅಲ್ಲಿ ಬೆರಳಚ್ಚು ಇಟ್ಟಿದ್ದರು. ಅವ್ವ ಬಿಡಲಿಲ್ಲ. "ಬೆರಳಂತ ಬೆರಳು. ನಾಟಿ ಹಚ್ಚಿ ಹಚ್ಚಿ ನನ್ನ ಹೆಬ್ಬಟ್ಟು ರೇಷನ್ ಅಂಗಡ್ಯಾಗ ಹತ್ತಂಗಿಲ್ಲ, ನಿನ್ ಮಿಷನ್‌ಗೆ ಹತ್ತತೇತೇನು?"

ಗೌರಿಯಲ್ಲಿ ಒ-ಡಬ್ಲ್ಯು ಇತ್ತು. ಮೂರನೆಯದು ಪುಂಡಿ. ಪುಂಡಿಪಲ್ಯ ಇಲ್ಲದೆ ರೊಟ್ಟಿ ಮುಟ್ಟದವಳಿಗೆ ಇನ್ನೇನು ಹೆಸರು.

ಈಗ ಬೈಗುಳ. ನಿನ್ನ ಮೂರು ಉತ್ತರದಲ್ಲಿ ಗುಟ್ಟು ಯಾವುದಿತ್ತು ಅಕ್ಕಾ? ನನಗೆ ಗೊತ್ತಿತ್ತು ಸರಿ, ನಾನು ತಮ್ಮ. ಆದರೆ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಪುಂಡಿ ಅಂತಾರೆ, ಗೌರಿ ಅಂತಾರೆ. ಊರಲ್ಲಿ ಹುಟ್ಟಿ ಬೆಳೆದವರ ಬದುಕು ಎಲ್ಲರ ಬಾಯಲ್ಲಿ ಇರುತ್ತದೆ, ಅದನ್ನೇ ಕೇಳುವ ಬೀಗ ನಮ್ಮಂಥವರಿಗಲ್ಲ. ದೊಡ್ಡವರಿಗೂ ತಪ್ಪಿಲ್ಲ. ಅಮೆರಿಕದಲ್ಲಿ 2008ರಲ್ಲಿ ಉಪಾಧ್ಯಕ್ಷ ಹುದ್ದೆಗೆ ನಿಂತಿದ್ದ ಸಾರಾ ಪಾಲಿನ್ ಅವರ ಯಾಹೂ ಮೇಲ್ ಹೀಗೇ ಒಡೆಯಿತು. ಗಂಡನನ್ನು ಮೊದಲು ಕಂಡದ್ದು ಎಲ್ಲಿ ಅಂತ ಪ್ರಶ್ನೆ. ಓದಿದ ಶಾಲೆಯಲ್ಲಿ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಕತೆ. ಒಬ್ಬ ಕಾಲೇಜು ಹುಡುಗ ಹುಡುಕಿ ಹಾಕಿದ.

ಬ್ಯಾಂಕಿನಲ್ಲೋ ಮೇಲಿನಲ್ಲೋ ಇಂಥ ಪ್ರಶ್ನೆ ಕೇಳಿದರೆ ಸುಳ್ಳು ಬರಿ. ಯಂತ್ರ ಸತ್ಯ ವಿಚಾರಿಸಲು ಬರುವುದಿಲ್ಲ, ಮೊದಲು ಬರೆದದ್ದನ್ನೇ ಮತ್ತೆ ಬರೆದರಾಯಿತು. ಇಲ್ಲಿಯ ಮೂರಕ್ಕೂ ಸುಳ್ಳು ತುಂಬಿದ್ದೇನೆ. ಅಪ್ಪ ಅವ್ವ ಭೇಟಿಯಾದ ಊರು ಕೇಳಿ ಇಬ್ಬರೂ ನಕ್ಕರು. ಉತ್ತರ ಮತ್ತು ಹೊಸ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಅವ್ವನ ಟ್ರಂಕಿನಲ್ಲಿ ಹೊಲದ ಕಾಗದಪತ್ರದ ಜೊತೆ ಇಟ್ಟಿದ್ದೇನೆ. ನನ್ನ ಖಾತೆಯನ್ನೂ ಅಡ್ಮಿನಿಸ್ಟ್ರೇಟರ್ ಮಾಡಿಕೊಂಡೆ, ನಿನ್ನದನ್ನು ಕಿತ್ತಿಲ್ಲ. ಅಪ್ಪನ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಬೇರೆ ಏನನ್ನೂ ತೆರೆದಿಲ್ಲ, ಹುಡುಗನಿಗೂ ಬಿಟ್ಟಿಲ್ಲ.

ನಿನ್ನ ಹೊಸ ಲ್ಯಾಪ್‌ಟಾಪಿನದು ಮಾತ್ರ ಇಷ್ಟು ಸುಲಭ ಅಲ್ಲವಂತೆ. ಈಗಿನವುಗಳಲ್ಲಿ ಡಿಸ್ಕಿಗೇ ಬೀಗ ಹಾಕಿರುತ್ತಾರೆ, ಬಿಟ್‌ಲಾಕರ್ ಅಂತ. ಅದು ಒಮ್ಮೆ ಅಡ್ಡ ನಿಂತರೆ 48 ಅಂಕಿಯ ಕೀಲಿ ಕೇಳುತ್ತದೆ. ಪೆನ್‌ಡ್ರೈವ್ ಹಿಡಿದು ಯಾರು ಬಂದರೂ ಬಗ್ಗುವುದಿಲ್ಲ. ಸಾಮಾನ್ಯವಾಗಿ ಆ ಕೀಲಿ ನಿನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಲಾಗಿನ್ ಆಗಿ ನೋಡಿ, ಕಾಗದದ ಮೇಲೆ ಬರೆದಿಡು. ಲ್ಯಾಪ್‌ಟಾಪಿನ ಚೀಲದಲ್ಲೇ ಇಡಬೇಡ ಮತ್ತೆ.

ಪದಗಳ ಪ್ರಿಂಟ್ ತೆಗೆದಾಯಿತು. ಅಪ್ಪ ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದಾನೆ, ಎಲ್ಲಾ ತಪ್ಪೂ ನೀನು ಕುಟ್ಟಿದ್ದರಲ್ಲೇ ಅಂತೆ, ತಾನು ಹಾಡುವಾಗ ತಪ್ಪಿದ್ದೇ ಇಲ್ಲವಂತೆ. ಮುಗಿದ ಮೇಲೆ ಒಂದು ಪ್ರತಿ ಕಳಿಸುತ್ತೇನೆ. ಮಾಮಾನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ