ಗಿಡಕ್ಕೊಂದು ಗೂಟ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೊಂದು ಇರಲೇಬೇಕೆಂಬುದು ಪದ್ಧತಿ. ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ, ದಾನಿಗಳ ಔದಾರ್ಯ ಮೊದಲಾದ ವಿಷಯಗಳನ್ನು ವಾಚಕರು ವಾರ್ಷಿಕ ವರದಿಯಲ್ಲಿ ಕಾಣಬಹುದು. ಆದುದರಿಂದ ಅವನ್ನು ಬಿಟ್ಟು, ಶಾಲೆಯ ಹಿಂದಣ ಕೈದೋಟದಲ್ಲಿ ನಾವು ಕಲಿತ ಪಾಠವೊಂದನ್ನು ಇಲ್ಲಿ ನಿವೇದಿಸುತ್ತೇವೆ. ಪಾಠ ಚಿಕ್ಕದು, ಬೆಳೆಯುವ ಗಿಡಕ್ಕೆ ಆಸರೆ ಕೊಡುವುದು ಹೇಗೆಂಬುದಷ್ಟೆ. ಆದರೆ ಅದನ್ನು ಕಲಿಯುವುದಕ್ಕೆ ನಮಗೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. ಅದರ ಬೆಲೆಯನ್ನು ತೆತ್ತವರೂ ನಾವಲ್ಲ.

ನಾವು ಈ ಶಾಲೆಯ ಆಡಳಿತವನ್ನು ವಹಿಸಿಕೊಂಡ ಮೊದಲನೆಯ ವರ್ಷ ಅಂಗಳದ ಅಂಚಿನಲ್ಲಿ ಡೇರೆಯ ಗೆಡ್ಡೆಗಳನ್ನು ನೆಡಿಸಿದೆವು. ಮಲೆನಾಡಿನ ಮನೆಗಳಲ್ಲಿ ಡೇರೆ ಹೂವಿಗಿರುವ ಮರ್ಯಾದೆಯನ್ನು ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ಒಬ್ಬರ ಮನೆಯ ಬಣ್ಣ ಇನ್ನೊಬ್ಬರ ಮನೆಗೆ ಗೆಡ್ಡೆಯ ರೂಪದಲ್ಲಿ ಪ್ರಯಾಣ ಮಾಡುವುದು ಇಲ್ಲಿಯ ಹೆಂಗಸರ ಹಳೆಯ ಸಂಪ್ರದಾಯ. ಮೊದಲ ಮಳೆಗೆ ಚಿಗುರೊಡೆದ ಗಿಡಗಳು ಆರಿದ್ರಾ ಮಳೆಯ ಹೊತ್ತಿಗೆ ಎದೆಯೆತ್ತರ ಬೆಳೆದವು. ನಮಗೆ ಹೆಮ್ಮೆಯಾಯಿತು. ಪುನರ್ವಸು ಮಳೆಯ ಒಂದು ರಾತ್ರಿ ಬೀಸಿದ ಗಾಳಿಗೆ ಅರ್ಧ ಸಾಲು ನೆಲಕ್ಕೊರಗಿತು. ಡೇರೆಯ ಕಾಂಡ ನೋಡುವುದಕ್ಕೆ ದಪ್ಪ, ಒಳಗೆ ಟೊಳ್ಳು. ನೀರುಂಡ ಹೂವಿನ ಭಾರವನ್ನು ಅದು ತಾಳಲಾರದು. ನಾವು ಗಾಬರಿಯಿಂದ ಅಡಿಕೆಯ ದಬ್ಬೆಗಳನ್ನು ತರಿಸಿ, ಉಳಿದ ಒಂದೊಂದು ಗಿಡದ ಬುಡಕ್ಕೂ ಒಂದೊಂದನ್ನು ಹೊಡೆಸಿ, ಪ್ಲಾಸ್ಟಿಕ್ ಹುರಿಯಿಂದ ಬಿಗಿಯಾಗಿ ಕಟ್ಟಿಸಿದೆವು. ಹದಿನೈದು ದಿವಸಗಳಲ್ಲಿ ಅವುಗಳಲ್ಲಿಯೂ ಅನೇಕ ಗಿಡಗಳು ಬಾಡಿದವು.

ತೋಟವನ್ನು ನೋಡಿಕೊಳ್ಳುತ್ತಿದ್ದ ಅಜ್ಜ ಒಂದು ಗಿಡವನ್ನು ಕಿತ್ತು ತೋರಿಸಿದನು. ದಬ್ಬೆ ಗೆಡ್ಡೆಯ ನಡುವೆಯೇ ಹಾದುಹೋಗಿತ್ತು. ಗಾಯದೊಳಗೆ ಮಳೆಯ ನೀರಿಳಿದು ಗೆಡ್ಡೆ ಕೊಳೆತಿತ್ತು. ಮೇಲೆ ಹುರಿ ಕಾಂಡವನ್ನು ಕೊಯ್ದಿತ್ತು.

“ಅಮ್ಮಾ, ಗೂಟ ಮೊದ್ಲು, ಗೆಡ್ಡೆ ಆಮೇಲೆ,” ಎಂದನು ಅಜ್ಜ. “ಬಿದ್ದ ಮೇಲೆ ಹೊಡೆದ ಗೂಟ ಗಿಡಕ್ಕಲ್ಲ, ನಮ್ಮ ಸಮಾಧಾನಕ್ಕೆ.”

ಮರುವರ್ಷ ಅವನು ಹೇಳಿದಂತೆಯೇ ಮಾಡಿದೆವು. ಗುಣಿ ತೆಗೆದೊಡನೆ ಗೂಟವನ್ನು ಊರಿದೆವು. ಅದರ ಪಕ್ಕದಲ್ಲಿ ಗೆಡ್ಡೆಯನ್ನಿಟ್ಟು ಮಣ್ಣು ಮುಚ್ಚಿದೆವು. ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಣ ದಿಕ್ಕಿನಿಂದ ಬರುವುದಷ್ಟೆ. ಗೂಟವನ್ನು ಆ ಕಡೆಗೇ ಇಟ್ಟರೆ ಗಾಳಿ ಬೀಸಿದಾಗ ಗಿಡ ಗೂಟಕ್ಕೆ ಬಡಿದು ಉಜ್ಜಿಕೊಳ್ಳುವುದಿಲ್ಲ. ನೆನೆಸಿದ ಬಾಳೆನಾರನ್ನು ಮೊದಲು ಗೂಟಕ್ಕೆ ಸುತ್ತಿ, ನಡುವೆ ಒಮ್ಮೆ ಹೆಣೆದು, ಆಮೇಲೆ ಕಾಂಡವನ್ನು ಸಡಿಲವಾಗಿ ಬಳಸಿ, 8ರ ಅಂಕಿಯ ಆಕಾರದಲ್ಲಿ ಕಟ್ಟಿದೆವು. ಹೀಗೆ ಕಟ್ಟಿದರೆ ಗಿಡಕ್ಕೂ ಗೂಟಕ್ಕೂ ನಡುವೆ ಒಂದು ಬೆರಳಿನಷ್ಟು ಎಡೆಯಿರುವುದು. ಕಾಂಡ ದಪ್ಪವಾಗುವುದಕ್ಕೂ ತೂಗಾಡುವುದಕ್ಕೂ ಅವಕಾಶವಿರುವುದು. ಗಿಡ ಒಂದು ಗೇಣು ಬೆಳೆದಂತೆಲ್ಲ ಮೇಲೊಂದು ಕಟ್ಟು. ಆ ವರ್ಷವೂ ಗಾಳಿ ಬೀಸಿತು. ಡೇರೆಗಳು ತಲೆದೂಗಿದವು, ಬೀಳಲಿಲ್ಲ.

ಅಂದಿನಿಂದ ಕೈದೋಟವನ್ನು ನಾವು ತರಗತಿಯ ಕೋಣೆಯಂತೆಯೇ ಉಪಯೋಗಿಸುತ್ತಿದ್ದೇವೆ. ಎಲ್ಲ ಬಳ್ಳಿಗಳೂ ಒಂದೇ ಬಗೆಯಾಗಿ ಹತ್ತುವುದಿಲ್ಲವೆಂಬುದನ್ನು ಬಾಲಿಕೆಯರು ಅಲ್ಲಿ ಕಣ್ಣಾರೆ ಕಾಣುತ್ತಾರೆ. ಅಲಸಂದೆ, ಬಸಳೆಗಳು ತಮ್ಮ ಮೈಯನ್ನೇ ಗಳುವಿಗೆ ಸುತ್ತಿಕೊಳ್ಳುತ್ತವೆ. ಹೀರೆ, ಹಾಗಲ, ಪಡವಲಗಳು ಎಳೆಯಂಥ ಲತಾತಂತುಗಳನ್ನು ಬೆರಳುಗಳಂತೆ ಚಾಚಿ ಚಪ್ಪರವನ್ನು ಹಿಡಿಯುತ್ತವೆ. ಮೆಣಸು, ವೀಳ್ಯಗಳು ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಮರದ ತೊಗಟೆಗೆ ಅಂಟುತ್ತವೆ. ಟೊಮೇಟೊ, ಡೇರೆ, ಗೊನೆಬಿಟ್ಟ ಬಾಳೆ ಮುಂತಾದವುಗಳಿಗೆ ಹಿಡಿದುಕೊಳ್ಳುವ ಅಂಗವೇ ಇಲ್ಲ. ಅವುಗಳಿಗೆ ನಾವೇ ಕಟ್ಟಬೇಕು, ಇಲ್ಲವೆ ಕವೆಗೋಲು ಕೊಡಬೇಕು. ಅಲಸಂದೆಗೆ ಚಪ್ಪರ ಬೇಡ, ಒಂದು ಸಪೂರವಾದ ಕೋಲು ಸಾಕು. ಹೀರೆಗೆ ದಪ್ಪ ಕಂಬ ಕೊಟ್ಟರೆ ಅದರ ತಂತು ಹಿಡಿಯಲಾರದೆ ಜಾರುವುದು.

ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ನರು ಅಗ್ರಗಣ್ಯರು. ಹತ್ತುವ ಸಸ್ಯಗಳನ್ನು ಕುರಿತು ಅವರು 1865ರಲ್ಲಿ ಪ್ರಬಂಧವನ್ನು ಪ್ರಕಟಿಸಿ, 1875ರಲ್ಲಿ ಅದನ್ನು ಗ್ರಂಥವಾಗಿ ವಿಸ್ತರಿಸಿದರು. ಸುತ್ತುವ ಬಳ್ಳಿಯ ತುದಿ ಆಸರೆ ಸಿಕ್ಕುವ ಮೊದಲೇ ಗಾಳಿಯಲ್ಲಿ ವೃತ್ತಾಕಾರವಾಗಿ ತಿರುಗುತ್ತ ಹುಡುಕುತ್ತಿರುವುದು. ನಮ್ಮ ಒಂಬತ್ತನೆಯ ತರಗತಿಯವರು ಹುರುಳಿಕಾಯಿಯ ಬಳ್ಳಿಯ ಪಕ್ಕದಲ್ಲಿ ಕಾಗದವನ್ನಿಟ್ಟು ತುದಿಯ ಸ್ಥಾನವನ್ನು ಗುರುತುಮಾಡಿದಾಗ, ಒಂದು ಸುತ್ತಿಗೆ ಸುಮಾರು ಎರಡು ಗಂಟೆಗಳಾದವು. ಲತಾತಂತುವಾದರೋ ಆಸರೆಯನ್ನು ಹಿಡಿದ ಮೇಲೆ ಸ್ಪ್ರಿಂಗಿನಂತೆ ಸುರುಳಿಗೊಳ್ಳುವುದು. ಗಾಳಿ ಎಳೆದಾಗ ಹಿಗ್ಗಿ, ಬಿಟ್ಟಾಗ ಕುಗ್ಗುವುದು. ಬಿರುಗಾಳಿಯಲ್ಲಿಯೂ ಬಳ್ಳಿ ಹರಿಯದಿರುವುದು ಈ ಸಡಿಲದಿಂದಲೇ ಎಂಬುದನ್ನು ಡಾರ್ವಿನ್ನರು ಬೇಲಿಯ ಬಳಿ ನಿಂತು ಕಂಡುಕೊಂಡರು.

ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಕಡೆಯವರಿಗೆ ಆಸರೆಯೆಂದರೆ ಮೊದಲು ನೆನಪಾಗುವುದು ಮೆಣಸಿನ ಬಳ್ಳಿ. ಮಳೆಗಾಲದ ಆರಂಭದಲ್ಲಿ ಮರದಿಂದ ಸುಮಾರು ಒಂದು ಅಡಿ ದೂರದಲ್ಲಿ, ಬಿಸಿಲಿನ ಬೇಗೆ ತಾಗದಂತೆ ಬಡಗಣ ಬದಿಯಲ್ಲಿ ಬಳ್ಳಿಯನ್ನು ನೆಟ್ಟು, ಗಿಣ್ಣಿನ ಬೇರು ತೊಗಟೆಯನ್ನು ಕಚ್ಚುವವರೆಗೆ ನಾರಿನಿಂದ ಕಟ್ಟುತ್ತಾರೆ. ಬೇರು ಕಚ್ಚಿದ ಮೇಲೆ ಕಟ್ಟಿನ ಕೆಲಸ ಮುಗಿಯಿತು. ನಾರು ತಾನಾಗಿ ಕರಗಿಹೋಗುವುದು. ಕೆಲವೆಡೆ ಹಾಲುವಾಣದ ಕೊಂಬೆಯನ್ನು ಊರಿ ಅದಕ್ಕೆ ಬಳ್ಳಿಯನ್ನು ಹಬ್ಬಿಸುವರು. ಗೂಟವೆಂದು ಊರಿದ ಕೊಂಬೆಯೇ ಬೇರು ಬಿಟ್ಟು ಮರವಾಗುವುದು. ಅದು ತನ್ನ ನೆರಳಿನಿಂದಲೇ ಬಳ್ಳಿಯನ್ನು ಬಡವಾಗಿಸದಿರಲೆಂದು ಅದರ ಸೊಪ್ಪನ್ನು ಕಾಲಕಾಲಕ್ಕೆ ಸವರಬೇಕು. ಆಸರೆ ಕೊಡುವವರು ತಮ್ಮ ಕೊಂಬೆಗಳನ್ನೂ ಕತ್ತರಿಸಿಕೊಳ್ಳಬೇಕೆಂಬುದು ನಮ್ಮಂಥ ಉಪಾಧ್ಯಾಯಿನಿಯರು ಮರೆಯಬಾರದ ಮಾತು.

ಹೆಚ್ಚಿನ ತೋಟಗಳಲ್ಲಿ ಬಳ್ಳಿಗೆ ಆಸರೆ ಅಡಿಕೆಯ ಮರವೇ. ಈ ಮೂರು ತಾಲ್ಲೂಕುಗಳ ತೋಟಗಳನ್ನು ಹಳದಿ ಎಲೆ ರೋಗವು ದಶಕಗಳಿಂದ ಹಾಳುಗೆಡಹುತ್ತಿರುವುದನ್ನು ಎಲ್ಲರೂ ಬಲ್ಲರು. ಗರಿ ಹಳದಿಯಾಗುವುದು, ಕಾಯಿ ಉದುರುವುದು, ಸುಳಿ ಕಿರಿದಾಗುವುದು. ಮರವು ವರ್ಷಗಟ್ಟಲೆ ಸೊರಗಿ ಬೋಳಾಗುವುದು. ಇದನ್ನು ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಮರ ಸತ್ತು ಬಿದ್ದರೆ ಅದನ್ನು ನಂಬಿದ ಬಳ್ಳಿಯೂ ಅದರೊಡನೆ ನೆಲಕ್ಕೆ ಬರುವುದು.

ನಾವು ಹೊಸದಾಗಿ ಉಪಾಧ್ಯಾಯಿನಿಯ ಕೆಲಸಕ್ಕೆ ಸೇರಿದಾಗ ನಮ್ಮ ತರಗತಿಯಲ್ಲಿ ಅಂಥ ತೋಟದ ಮನೆಯ ಬಾಲಿಕೆಯೊಬ್ಬಳಿದ್ದಳು. ಲೆಕ್ಕದಲ್ಲಿ ಅವಳಿಗೆ ಸಮಾನರಿರಲಿಲ್ಲ. ಒಂಬತ್ತನೆಯ ತರಗತಿಯ ನಡುವರ್ಷದಲ್ಲಿ ಅವಳು ಬರುವುದು ವಿರಳವಾಯಿತು. ಕೇಳಿದರೆ, “ಮಳೆ, ಹಳ್ಳ ತುಂಬಿತ್ತು, ಟೀಚರ್,” ಎನ್ನುತ್ತಿದ್ದಳು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವುದು. ಅದರ ನೆರೆಯ ಸೀಮೆಯಲ್ಲಿ ಈ ಕಾರಣವನ್ನು ಯಾರು ಸಂಶಯಿಸಿಯಾರು? ನಾವೂ ನಂಬಿದೆವು, ನಂಬುವುದು ಸುಲಭವಾಗಿತ್ತು. ದೀಪಾವಳಿಯ ಬಳಿಕ ಅವಳು ಬರಲೇ ಇಲ್ಲ. ನಾವು ಒಂದು ಪತ್ರ ಬರೆದೆವು, ಉತ್ತರ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆಯನ್ನೆಳೆದೆವು.

ಕಳೆದ ವರ್ಷ ಜೂನ್ ತಿಂಗಳಲ್ಲಿ ತಾಯಿಯೊಬ್ಬರು ಮಗಳನ್ನು ಸೇರಿಸುವುದಕ್ಕೆ ನಮ್ಮ ಕೋಣೆಗೆ ಬಂದರು. ಮುಖವನ್ನು ನಾವು ಗುರುತಿಸಲಿಲ್ಲ. ಅರ್ಜಿಯ ಮೇಲಿನ ಮುದ್ದಾದ ಅಂಕಿಗಳನ್ನು ಗುರುತಿಸಿದೆವು. ಮಾತು ಮುಗಿದ ಮೇಲೆ ಅವರು ಎದ್ದು ನಿಂತು, ಯಾವ ಕೋಪವೂ ಇಲ್ಲದೆ ಹೇಳಿದರು: “ಆ ವರ್ಷ ನಮ್ಮ ತೋಟ ಪೂರಾ ಹಳದಿಯಾಗಿತ್ತು, ಟೀಚರ್. ಆಳಿಗೆ ಕೊಡಲು ದುಡ್ಡಿರಲಿಲ್ಲ ಅಂತ ಅಪ್ಪ ನನ್ನನ್ನು ಬಿಡಿಸಿದರು. ನೀವು ಒಂದು ಸಲ ಮನೆಗೆ ಬಂದಿದ್ದರೆ ಅಪ್ಪ ಕಳಿಸುತ್ತಿದ್ದರು. ಯಾರಾದರೂ ಬಂದು ಹೇಳಲಿ ಅಂತ ಅವರೂ ಕಾಯುತ್ತಿದ್ದರು.”

ನಾವು ಏನನ್ನೂ ಹೇಳಲಾಗಲಿಲ್ಲ. ಪತ್ರ ಬರೆದೆವೆಂದು ಹೇಳಬಹುದಿತ್ತು. ಅದು ಬಿದ್ದ ಮೇಲೆ ಹೊಡೆದ ಗೂಟ.

ಇದಕ್ಕೆ ವಿರುದ್ಧವಾದ ತಪ್ಪನ್ನೂ ನಾವು ಮಾಡಿದ್ದೇವೆ. ತಾಯಿಯಿಲ್ಲದ ಒಬ್ಬ ಬಾಲಿಕೆ ಆರು ವರ್ಷಗಳು ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದಳು. ಮೊದಲನೆಯವಳ ವಿಷಯದಲ್ಲಿ ಅಲಕ್ಷ್ಯವಾಯಿತೆಂಬ ಅಳುಕು ಮನಸ್ಸಿನಲ್ಲಿದ್ದುದರಿಂದಲೋ ಏನೋ, ಇವಳ ಸಕಲವನ್ನೂ ನಾವೇ ವಹಿಸಿಕೊಂಡೆವು. ಅವಳ ಪುಸ್ತಕ, ಅವಳ ಗೆಳತಿಯರು, ಅವಳ ಮುಂದಿನ ವ್ಯಾಸಂಗ, ಎಲ್ಲವೂ ನಮ್ಮ ಆಯ್ಕೆ. ಅರ್ಜಿಗಳನ್ನು ನಾವೇ ತುಂಬಿದೆವು. ಸಣ್ಣ ಜಗಳವಾದರೂ ನಾವೇ ನಡುವೆ ಬಂದೆವು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಅವಳು ಉತ್ತಮ ಶ್ರೇಣಿಯಲ್ಲಿ ತೇರ್ಗಡೆಯಾದಳು; ಸಭೆಯಲ್ಲಿ ಅವಳ ಹೆಸರನ್ನು ಓದುವಾಗ ನಮ್ಮ ಕಂಠ ಗದ್ಗದವಾಯಿತು. ದೊಡ್ಡ ಊರಿನ ಕಾಲೇಜಿಗೆ ಹೋದವಳು ಮೂರು ತಿಂಗಳಲ್ಲಿ ಹಿಂದಿರುಗಿದಳು. ಅಲ್ಲಿ ಯಾರಾದರೂ ತೊಂದರೆ ಕೊಟ್ಟರೇ ಎಂದು ಕೇಳಿದೆವು. “ಇಲ್ಲ, ಟೀಚರ್. ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಲಿಲ್ಲ,” ಎಂದಳು.

1973ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞರಾದ ಮಾರ್ಕ್ ಜಾಫೆಯವರು ಎಳೆಯ ಗಿಡಗಳ ಕಾಂಡವನ್ನು ದಿನವೂ ಮೃದುವಾಗಿ ಉಜ್ಜಿ ನೋಡಿದರು. ಹಾಗೆ ಅಲುಗಾಟವನ್ನು ಅನುಭವಿಸಿದ ಗಿಡಗಳು ಮೋಟಾಗಿ, ದಪ್ಪವಾಗಿ ಬೆಳೆದವು. ಗಾಳಿಯ ಕೆಲಸವೂ ಇದೇ. ಅಲುಗಾಡದಂತೆ ಗೂಟಕ್ಕೆ ಬಿಗಿದ ಗಿಡವು ಬೇಗ ಎತ್ತರವಾಗುವುದು, ನೋಡುವವರಿಗೆ ಸಂತೋಷವನ್ನೂ ಕೊಡುವುದು. ಆದರೆ ಕಟ್ಟು ಬಿಚ್ಚಿದ ದಿನ ಅದು ತನ್ನ ಭಾರವನ್ನೇ ಹೊರಲಾರದೆ ಬಾಗುವುದು. ಆ ಬಾಲಿಕೆ ಒಂದು ವರ್ಷ ಸೋದರಮಾವನ ಅಂಗಡಿಯಲ್ಲಿ ಲೆಕ್ಕ ಬರೆದಳು. ಗಿರಾಕಿಗಳೊಡನೆ ವಾದಿಸಿದಳು, ಎರಡು ಸಲ ಮೋಸಹೋದಳು, ಮೂರನೆಯ ಸಲ ಹೋಗಲಿಲ್ಲ. ಆಮೇಲೆ ದಾದಿಯರ ತರಬೇತಿಗೆ ತಾನೇ ಅರ್ಜಿ ಹಾಕಿದಳು. ಅದು ನಮಗೆ ತಿಳಿದದ್ದು ಅವಳು ಆಯ್ಕೆಯಾದ ಮೇಲೆ. ನಾವು ಕೊಡದಿದ್ದ ಗಾಳಿಯನ್ನು ಆ ಅಂಗಡಿ ಕೊಟ್ಟಿತು.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ಜೀವನದಲ್ಲಿ ಹಿತವಾದ ಆಸರೆಗೆ ಒಂದು ನಿದರ್ಶನವಿದೆ. ಮೈಸೂರಿನ ಮಿಷನ್ ಹೈಸ್ಕೂಲಿನಲ್ಲಿ ಓದಿದ ಅವರು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಅಂಥ ಒಂದು ಸಂಕಲನವೂ ಹೊರಬಂದಿತ್ತು. ಐರಿಷ್ ಕವಿ ಜೇಮ್ಸ್ ಕಸಿನ್ಸರು ಆ ಪದ್ಯಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಬೇಕೆಂದು ಹೇಳಿದರು. ಹೇಳಿದ್ದು ತಕ್ಕ ಕಾಲದಲ್ಲಿ, ತಕ್ಕ ದಿಕ್ಕಿನಿಂದ. ಹೇಳಿದವರು ಪಕ್ಕಕ್ಕೆ ಸರಿದರು. ಬೆಳೆದದ್ದು ಬಳ್ಳಿಯ ಸ್ವಂತ ಶಕ್ತಿಯಿಂದ.

ಈ ವರ್ಷದಿಂದ ನಮ್ಮ ಶಾಲೆಯಲ್ಲಿ ಎರಡು ಸಣ್ಣ ಬದಲಾವಣೆಗಳನ್ನು ಮಾಡಿದ್ದೇವೆ. ಬಾಲಿಕೆಯೊಬ್ಬಳು ಒಂದು ವಾರದಲ್ಲಿ ಮೂರು ದಿನ ತಪ್ಪಿಸಿಕೊಂಡರೆ, ಪತ್ರಕ್ಕೆ ಬದಲಾಗಿ ಉಪಾಧ್ಯಾಯಿನಿಯೊಬ್ಬರು ಮನೆಗೆ ಹೋಗುತ್ತಾರೆ; ಹಳ್ಳ ತುಂಬಿದ್ದರೆ ಇಳಿದ ಮರುದಿನ ಹೋಗುತ್ತಾರೆ. ಹತ್ತನೆಯ ತರಗತಿಯವರು ತಮ್ಮ ಅರ್ಜಿಗಳನ್ನು ತಾವೇ ತುಂಬುತ್ತಾರೆ. ತಪ್ಪಾದರೆ ತಾವೇ ತಿದ್ದುತ್ತಾರೆ. ನಾವು ಪಕ್ಕದಲ್ಲಿ ಕೈಕಟ್ಟಿಕೊಂಡು ಕುಳಿತಿರುತ್ತೇವೆ; ಇದು ನಮಗೆ ಬಹಳ ಕಷ್ಟದ ಅಭ್ಯಾಸ.

ತಾಯ್ತಂದೆಗಳಲ್ಲಿ ನಮ್ಮ ವಿನಂತಿ ಇಷ್ಟೆ. ತೋಟ ಹಳದಿಯಾದಾಗ, ಮನೆಯಲ್ಲಿ ಕಾಯಿಲೆ ಬಿದ್ದಾಗ, ಸಂಕೋಚವನ್ನು ಬಿಟ್ಟು ಮೊದಲೇ ನಮಗೆ ತಿಳಿಸಿರಿ. ನೀವು ತಿಳಿಸದಿದ್ದರೂ ನಾವು ಬರುವೆವು, ಬಾಗಿಲನ್ನು ತೆರೆಯಿರಿ. ಹಳೆಯ ವಿದ್ಯಾರ್ಥಿನಿಯರಾದ ನಮ್ಮ ಸೋದರಿಯರೇ, ನಿಮ್ಮಲ್ಲಿ ಯಾರನ್ನಾದರೂ ನಾವು ಹೊತ್ತು ಮೀರಿ ಕಟ್ಟಿದ್ದರೆ, ಅಥವಾ ಅತಿಯಾಗಿ ಬಿಗಿದಿದ್ದರೆ, ಕ್ಷಮೆಯಿರಲಿ. ಊರಿದ ಹಾಲುವಾಣದ ಕೊಂಬೆಯಂತೆ ನಿಮ್ಮಲ್ಲಿ ಅನೇಕರು ಈಗ ಬೇರು ಬಿಟ್ಟು ಇತರರಿಗೆ ಆಸರೆಯಾಗಿದ್ದೀರಿ. ಬರುವ ಮಳೆಗಾಲದಲ್ಲಿ ಒಮ್ಮೆ ಶಾಲೆಗೆ ಬನ್ನಿರಿ. ಡೇರೆಗಳು ಅರಳಿರುತ್ತವೆ, ಮನೆಗೊಯ್ಯಲು ಗೆಡ್ಡೆ ಬೇಕಾದವರು ಕೇಳಿ ಪಡೆಯಬಹುದು. ಗೂಟವನ್ನು ಮಾತ್ರ ಮೊದಲು ಊರಿರಿ.