ಕಲ್ಯಾಣದ ಬಿಸಿಲಿಗೆ ಹುಮನಾಬಾದಿನ ಕತ್ತರಿ!

ನಮ್ಮ ಸಿನಿಮಾದವರಿಗೆ ಹಾಡು ಅಂದರೆ ಮಡಿಕೇರಿ, ಮಳೆ ಅಂದರೆ ಆಗುಂಬೆ, ವಿರಹ ಅಂದರೆ ಜೋಗ! 2006ರಲ್ಲಿ ‘ಮುಂಗಾರು ಮಳೆ’ ಬಂದು, ಎಸ್. ಕೃಷ್ಣ ಅವರ ಕ್ಯಾಮೆರಾ ಜೋಗವನ್ನು ತೋರಿಸಿದ ಮೇಲಂತೂ ಕೇಳಬೇಡಿ, ಹುಡುಗರ ಬೈಕುಗಳೆಲ್ಲ ಆ ಕಡೆಗೇ ತಿರುಗಿದವು. ಬೀದರ್ ಜಿಲ್ಲೆಯ ಹೆಸರು ಎತ್ತಿ ನೋಡಿ. ‘ಅಯ್ಯೋ, ಬಿಸಿಲು ಗುರುವೇ! ಅಲ್ಲಿ ಏನಿದೆ ಫೋಟೋ ತೆಗೆಯೋಕೆ?’ ಈ ಮಾತನ್ನು ಬೆಂಗಳೂರಿನವರು ಆಡಿದರೆ ಹೋಗಲಿ ಅನ್ನಬಹುದಿತ್ತು. ಆಡಿದವನು ಹುಮನಾಬಾದಿನಲ್ಲೇ ಹುಟ್ಟಿ ಬೆಳೆದ ನನ್ನ ಅಕ್ಕನ ಮಗ!

ಹುಡುಗನಿಗೆ ಇಪ್ಪತ್ತೆರಡು. ಸಿನಿಮಾದಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಆಗಬೇಕೆಂಬ ಹುಚ್ಚು. ಬೆಂಗಳೂರಿನ ಛಾಯಾಗ್ರಾಹಕರೊಬ್ಬರು ಅವನಿಗೆ, ‘ನಿಮ್ಮೂರ ಕಡೆಯ ನಿಸರ್ಗದ ಹತ್ತು ಚಿತ್ರ ತೆಗೆದು ಕಳಿಸು. ಆಮೇಲೆ ಮಾತಾಡೋಣ’ ಅಂದಿದ್ದರಂತೆ. ಅಪ್ಪ ಬೇರೆ, ‘ಈ ದೀಪಾವಳಿ ತನಕ ನೋಡ್ತೀನಿ, ಆಮ್ಯಾಲ ಅಂಗಡ್ಯಾಗ ಕೂಡ್ರು’ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ. ದಸರಾ ರಜೆಯಲ್ಲಿ ನಾನು ಅಕ್ಕನ ಮನೆಗೆ ಹೋದಾಗ ಇವನ ಮೊಬೈಲಿನಲ್ಲಿ 312 ಫೋಟೋ ಇದ್ದವು. ಎಲ್ಲವೂ ಬಸವಕಲ್ಯಾಣದವು, ಎಲ್ಲವೂ ಗೆಳೆಯರ ಜೊತೆ ಹೋದ ಒಂದೇ ಮಧ್ಯಾಹ್ನದವು!

‘ಮಾಮಾ, ಹತ್ತು ಆರಿಸಿಕೊಡ್ರಿ’ ಅಂದ. ನಾನು ಸಿನಿಮಾ ಬಗ್ಗೆ ಬರೆಯುವವನೇ ಹೊರತು ಕ್ಯಾಮೆರಾ ಹಿಡಿಯುವವನಲ್ಲ. ಬಜಾರಿನ ಒಂದು ಹಳೆಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಅದರ ಮಾಲೀಕರು ಕಪ್ಪು-ಬಿಳುಪಿನ ಕಾಲದಿಂದ ಮದುವೆ ಫೋಟೋ ತೆಗೆದವರು. ಡಾರ್ಕ್ ರೂಮು ಈಗ ಗೋದಾಮಾಗಿದೆ. ಕಣ್ಣು ಮಾತ್ರ ಚೂಪು.

ಕಾಕಾ ಮೊಬೈಲು ಕೈಗೆ ತೆಗೆದುಕೊಂಡರು.

‘ಏ ತಮ್ಮಾ, ಇದು ಯಾವ ಊರಿನ ಕೆರಿ?’

‘ನಮ್ಮ ತ್ರಿಪುರಾಂತದ್ದೇ ಕಾಕಾ.’

‘ಹೌದಾ? ಐವತ್ತು ವರ್ಷದಿಂದ ನೋಡ್ಲತ್ತೀನಿ, ಒಮ್ಮಿನೂ ಹಿಂಗ ನೀಲಿ ಆಗಿಲ್ಲ. ಯಾರರ ಇಂಕ್ ಚೆಲ್ಯಾರೇನು?’

ಹುಡುಗ ಬಣ್ಣ ಏರಿಸುವ ಗೆರೆಯನ್ನು ಪೂರ್ತಿ ಬಲಕ್ಕೆ ಎಳೆದಿದ್ದ. ಆಕಾಶ ನೀಲಿ, ಹುಲ್ಲು ಗಿಳಿಹಸಿರು. ಹಿಂದೆ ಕಟೌಟಿನಲ್ಲಿ ಹೀರೋ ಕೆನ್ನೆಗೆ ಗುಲಾಬಿ ಬಳಿಯುತ್ತಿದ್ದರಲ್ಲ, ಥೇಟ್ ಹಾಗೆ. ಕಟೌಟಿಗೆ ಅದು ಚೆಂದ, ಐವತ್ತು ಅಡಿ ದೂರದಿಂದ ಕಾಣಬೇಕು. ಕೆರೆಗೆ ಯಾಕೆ ಸ್ವಾಮಿ ಮೇಕಪ್ಪು?

‘ಈ ಫೋಟೋದಾಗ ಹೀರೋ ಯಾರು?’ ಕಾಕಾ ಮುಂದಿನದ್ದಕ್ಕೆ ಹೋದರು.

‘ಕೆರಿ... ಗಿಡ... ಬೆಳ್ಳಕ್ಕಿ... ಮ್ಯಾಲಿನ ಮಾಡ... ನಮ್ಮ ದೋಸ್ತರು...’

‘ಐದು ಮಂದಿ ಹೀರೋ ಇದ್ರ ಪಿಚ್ಚರ್ ಓಡ್ತದೇನು?’

ಡ್ರಾಯರಿನಿಂದ ಎರಡು ರಟ್ಟಿನ ತುಂಡು ತೆಗೆದರು. ಬಡಗಿಯ ಮಟ್ಟಗೋಲಿನ ಹಾಗೆ ಎರಡೂ ಮೂಲೆಯಾಗಿ ಕತ್ತರಿಸಿದವು. ಎದುರುಬದುರು ಇಟ್ಟರೆ ಒಂದು ಚೌಕಟ್ಟು. ಸರಿಸಿದ ಹಾಗೆಲ್ಲ ಚೌಕಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಪ್ರಿಂಟು ಹಾಕುವ ಮೊದಲು ಹಳಬರು ಹೀಗೇ ನೋಡಿ ಎಲ್ಲಿ ಕತ್ತರಿಸಬೇಕೆಂದು ತೀರ್ಮಾನಿಸುತ್ತಿದ್ದರು. ಮೊಬೈಲಿನ ಮೇಲಿಟ್ಟು ಸರಿಸುತ್ತಾ ಬಂದರು. ದೋಸ್ತರು ಹೋದರು, ಮೋಡ ಹೋಯಿತು, ದಂಡೆಯ ಮೇಲಿನ ಪ್ಲಾಸ್ಟಿಕ್ ಚೀಲ ಹೋಯಿತು. ಉಳಿದದ್ದು ಒಂದು ಒಣ ಕೊಂಬೆ, ಒಂದು ಬೆಳ್ಳಕ್ಕಿ, ನೀರಿನಲ್ಲಿ ಅದರ ನೆರಳು. ಹುಡುಗನ ಬಾಯಿ ಕಟ್ಟಿತು. ಅವನದೇ ಫೋಟೋ, ಆದರೆ ಅವನೇ ಅದನ್ನು ನೋಡಿರಲಿಲ್ಲ!

ಸಂತೋಷ ಅರ್ಧ ನಿಮಿಷವೂ ಉಳಿಯಲಿಲ್ಲ. ಅಷ್ಟು ಸಣ್ಣ ತುಣುಕನ್ನು ದೊಡ್ಡದು ಮಾಡಿದರೆ ಬೆಳ್ಳಕ್ಕಿ ಹಿಟ್ಟಿನ ಮುದ್ದೆಯಾಗಿ ಒಡೆಯಿತು. ಕತ್ತರಿಗೂ ಒಂದು ಮಿತಿ ಉಂಟು. ‘ಬೆರಳಿಲೆ ಜೂಮ್ ಎಳೀಬ್ಯಾಡ. ನಡದು ಹತ್ರ ಹೋಗು. ನಸುಕಿನ್ಯಾಗ ಹೋಗು’ ಎಂದು ಕಾಕಾ ಅಪ್ಪಣೆ ಮಾಡಿದರು. ಅಂದರೆ 312ಕ್ಕೂ ಕೈಮುಗಿದು ಮತ್ತೆ ಹೊರಡಬೇಕು!

ಹೀಗೆ ಮುಖಕ್ಕೆ ಹೇಳುವವರು ಸಿಗುವುದು ಪುಣ್ಯ, ಮಿತ್ರರೇ. ಗೆಳೆಯರಿಗೆ ಕಳಿಸಿದರೆ ‘ಸೂಪರ್ ಮಚ್ಚಾ’ ಅನ್ನುತ್ತಾರೆ, ಅಷ್ಟೇ. 1971ರಲ್ಲಿ ಹುಟ್ಟಿದ ಬೆಂಗಳೂರಿನ ಯೂತ್ ಫೋಟೋಗ್ರಫಿಕ್ ಸೊಸೈಟಿಯಂಥ ಕೂಟಗಳಲ್ಲಿ ಹವ್ಯಾಸಿಗಳು ಚಿತ್ರ ತಂದು ಮುಂದಿಟ್ಟು, ಅನುಭವಸ್ಥರ ಟೀಕೆ ಕೇಳಿಸಿಕೊಂಡೇ ಬೆಳೆದದ್ದು. ವನ್ಯಜೀವಿ ಛಾಯಾಗ್ರಹಣದಲ್ಲಿ ದೊಡ್ಡ ಹೆಸರು ಮಾಡಿ 2017ರಲ್ಲಿ ತೀರಿಕೊಂಡ ಟಿ.ಎನ್.ಎ. ಪೆರುಮಾಳ್ ಅವರಿಗೂ ಓ.ಸಿ. ಎಡ್ವರ್ಡ್ಸ್ ಎಂಬ ಗುರು ಇದ್ದರು.

ಮರುದಿನ ಕತ್ತಲಲ್ಲೇ ಬೈಕ್ ಹತ್ತಿದೆವು. ಪುಣೆ-ಹೈದರಾಬಾದ್ ಹೆದ್ದಾರಿ, ಎರಡೂ ಕಡೆ ಕರಿಮಣ್ಣು, ಹೂ ಬಿಡತೊಡಗಿದ ತೊಗರಿ, ರಾಶಿ ಮುಗಿದ ಸೋಯಾ ಹೊಲ. ಮಳೆಗಾಲ ಮುಗಿದ ಹೊಸತು, ಧೂಳು ತೊಳೆದು ಗಾಳಿ ಕನ್ನಡಿಯಂತಿತ್ತು. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಬಿಟ್ಟು ಊರಿನ ಕಡೆ ತಿರುಗಿದೆವು. ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕಲ್ಯಾಣ... ಆ ಚರಿತ್ರೆಯನ್ನು ನಾನು ಇಲ್ಲಿ ಬಿಚ್ಚುವುದಿಲ್ಲ. 1983ರ ‘ಕ್ರಾಂತಿಯೋಗಿ ಬಸವಣ್ಣ’ದಲ್ಲಿ ಅಶೋಕ್ ಅವರನ್ನು ನೋಡಿದವರಿಗೆ ಅರ್ಧ ಕಥೆ ಗೊತ್ತೇ ಇದೆ.

ತ್ರಿಪುರಾಂತ ಕೆರೆ ಆ ಹೊತ್ತಿನಲ್ಲಿ ನೀಲಿಯೂ ಅಲ್ಲ, ಹಸಿರೂ ಅಲ್ಲ. ತೆಳು ಮಜ್ಜಿಗೆಯ ಬಣ್ಣ! ಸೂರ್ಯ ಹುಟ್ಟಿದಾಗ ಹುಡುಗ ಪರದೆಯಲ್ಲಿ ಬೆಳಕಿನ ಜಾಗಕ್ಕೆ ಬೆರಳೊತ್ತಿ ಹಿಡಿದು, ಸೂರ್ಯನ ಗುರುತನ್ನು ಕೆಳಕ್ಕೆಳೆದ. ಆಕಾಶದ ಬಣ್ಣ ಉಳಿಯಿತು, ದಂಡೆ ಕಪ್ಪಾಯಿತು. ಕಪ್ಪಾದದ್ದನ್ನು ಮನೆಯಲ್ಲಿ ಸ್ವಲ್ಪ ಎತ್ತಬಹುದು. ಸುಟ್ಟು ಬೆಳ್ಳಗಾದದ್ದನ್ನು ಬ್ರಹ್ಮ ಬಂದರೂ ವಾಪಸು ತರಲಾರ. ಹಿಂದಿನ ದಿನ ಕಾಕಾ ಹೇಳಿದ್ದ ಈ ಸೂತ್ರ ಅಲ್ಲಿ ನನಗೂ ಅರ್ಥವಾಯಿತು.

ಮಧ್ಯಾಹ್ನ ಹನ್ನೆರಡಕ್ಕೆ, ‘ಇನ್ನ ನಡೀರಿ ಮಾಮಾ, ಬಿಸಲು’ ಅಂದ. ನಾನು ಬಿಡಲಿಲ್ಲ. ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದ ಶರಣರ ಗವಿಗಳಿವೆಯಲ್ಲ, ಅಕ್ಕ ನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಅತ್ತ ಕಾಲು ಹಾಕಿದೆವು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಅದು ಗವಿಯ ಬಾಗಿಲಲ್ಲಿ ನೆಲಕ್ಕೆ ಬಿದ್ದು, ಅಲ್ಲಿಂದ ಪುಟಿದು ಒಳಗಿನ ಚಾವಣಿಯನ್ನು ಕೆಂಡದ ಹಾಗೆ ಬೆಳಗುತ್ತಿತ್ತು. ನನಗೆ ನೆನಪಾದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ! 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ, ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದ ಒಳಕ್ಕೆ ತಿರುಗಿಸಿ, ಆ ಪ್ರಸಿದ್ಧ ಬೆಳಕಿನ ಕೋಲು ಮಾಡಿದವರು ಅವರೇ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಅವರು ಕನ್ನಡಿ ಹಿಡಿಸಿ ತರಿಸಿದ ಬಿಸಿಲು ಇಲ್ಲಿ ಪುಕ್ಕಟೆ ಬಿದ್ದಿದೆ! ಹುಡುಗನಿಗೆ ಇದನ್ನು ಹೇಳಿದ್ದೇ ತಡ, ಗವಿಯೊಳಗೆ ಒಂದೂವರೆ ತಾಸು ಕೂತುಬಿಟ್ಟ. ಬರುವಾಗ ದಾರಿಬದಿಯ ಒಂದು ಕೆಂಪು ಕಲ್ಲಿನ ಚೂರನ್ನು ಜೇಬಿಗೆ ಹಾಕಿಕೊಂಡ.

ಆ ಚೂರು ಯಾಕೆಂದು ಸಂಜೆ ಸ್ಟುಡಿಯೋದಲ್ಲಿ ಗೊತ್ತಾಯಿತು. ಎಲ್ಲೆಲ್ಲೂ ಕೆಂಪೇ ಇದ್ದರೆ ಮೊಬೈಲು ತಾನೇ ಜಾಣತನ ಮಾಡಿ ಕೆಂಪನ್ನು ತಣ್ಣಗೆ ಮಾಡಿಬಿಡುತ್ತದೆ. ಗವಿಯ ಕಲ್ಲು ಸಿಮೆಂಟಿನಂತೆ ಕಾಣುತ್ತಿತ್ತು. ಚೂರನ್ನು ಪರದೆಯ ಪಕ್ಕದಲ್ಲಿಟ್ಟು, ಎರಡೂ ಒಂದೇ ಬಣ್ಣ ಆಗುವವರೆಗೆ ಸ್ನ್ಯಾಪ್‌ಸೀಡಿನಲ್ಲಿ ಬಿಸುಪು ಏರಿಸಿದ. ಅಲ್ಲಿಗೆ ನಿಲ್ಲಿಸಿದ. ಓರೆಯಾದ ದಿಗಂತ ನೇರ ಮಾಡಿದ, ಒಂದಿಷ್ಟು ನೆರಳು ಎತ್ತಿದ. ಮೂಲ ಫೋಟೋ ಅಳಿಸದೆ ಬೇರೆ ಇಟ್ಟ. ಕಾಕಾ ಮಾತಾಡಲಿಲ್ಲ, ಚಹಾ ತರಿಸಿದರು!

ಮೂರನೇ ದಿನ ಹುಮನಾಬಾದ್ ತಾಲೂಕಿನ ಜಲಸಂಗಿ. ಹೊಲ ತೆಗೆಯಲು ಹೋದವನು ಗುಡಿಯ ಹೊರಗೋಡೆಯ ಶಿಲಾಬಾಲಿಕೆಯರ ಮುಂದೆ ನಿಂತುಬಿಟ್ಟ. ಆರನೇ ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುವ ಚೆಲುವೆ ಅಲ್ಲೇ ಇದ್ದಾಳೆ. ಬೆಳಕು ಎದುರಿನಿಂದ ಬಿದ್ದಾಗ ಚಪ್ಪಟೆ, ಪಕ್ಕದಿಂದ ಸವರಿದಾಗ ಜೀವ! ಅದೇ ಬೆಳಕನ್ನು ಉತ್ತ ಕರಿಮಣ್ಣಿನ ಹೆಂಟೆಗಳ ಮೇಲೆ ಸಂಜೆಯವರೆಗೆ ಕಾದು ಹಿಡಿದ. ನನ್ನ ಪ್ರಕಾರ ಆ ಹೆಂಟೆಯ ಫೋಟೋವೇ ಎಲ್ಲಕ್ಕಿಂತ ಮೇಲು. ಅಕ್ಕನಿಗೆ ಮಾತ್ರ, ‘ಮಣ್ಣಿಂದೇನು ಫೋಟೋ ತಗೀತಾರ!’

ನಾನು ಹೊರಡುವ ದಿನ ಹತ್ತು ಆರಿಸಿಟ್ಟು ಕಾಕಾ ಮುಂದೆ ಹಿಡಿದ. ಒಂದೊಂದೇ ನೋಡಿದರು. ಹತ್ತನೆಯದು ಸೂರ್ಯಾಸ್ತ, ಎಲ್ಲರೂ ತೆಗೆಯುವಂಥದ್ದು.

‘ಇದು ತಗದು ಬಿಡು.’

‘ಅವರು ಹತ್ತು ಕೇಳ್ಯಾರ ಕಾಕಾ...’

‘ಒಂಬತ್ತು ಕಳಸು. ಹತ್ತನೇದು ಸಿಕ್ಕಿಲ್ಲ ಅಂತ ಬರಿ.’

ವಾಟ್ಸಪ್ಪಿನಲ್ಲಿ ಹಾಗೇ ಕಳಿಸಿದರೆ ಚಿತ್ರ ಕುಗ್ಗುತ್ತದೆಂದು ಡಾಕ್ಯುಮೆಂಟಾಗಿ ಕಳಿಸಿದ. ಎರಡು ನೀಲಿ ಗೆರೆ ಬಿದ್ದವು. ಉತ್ತರ ಬರುವ ಮೊದಲೇ ನನ್ನ ಬಸ್ಸು ಬಂತು. ಹುಡುಗ ಮಾತ್ರ ಕಿಟಕಿಯ ಹತ್ತಿರ ನಿಂತು, ಬಸ್ ಸ್ಟ್ಯಾಂಡಿನ ತಗಡಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲನ್ನೇ ನೋಡುತ್ತಿದ್ದ.